ಕಪಾಟಿನಲ್ಲಿ ಎಂಟು, ಕಂಪ್ಯೂಟರಿನಲ್ಲಿ ಹತ್ತು

ಕೇಳುಗರಿಗೆ ನಮಸ್ಕಾರ.

ಬೆಳಗಾವಿ, ಬಾಗಲಕೋಟೆ ಕಡೆ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆ ಹಗಲು ರಾತ್ರಿ ಓಡಬೇಕು. ಕಡಿದ ಕಬ್ಬು ಯಾರ್ಡಿನಲ್ಲಿ ನಿಂತಷ್ಟೂ ಒಣಗುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಅಲ್ಲಿ ಒಂದು ಪಂಪು ನಿಂತರೆ ಫಿಟ್ಟರ್ ಮೊದಲು ಓಡುವುದು ಸ್ಟೋರಿಗೆ. ಸ್ಟೋರಿನ ಲೆಕ್ಕ ಈಗ ಬಹಳ ಕಡೆ ಮೇಂಟೆನೆನ್ಸ್ ಸಾಫ್ಟ್‌ವೇರಿಗೆ ಬಂದಿದೆ. ಬಂದರೂ ಕಪಾಟಿಗೂ ಕಂಪ್ಯೂಟರಿಗೂ ತಾಳೆ ಬೀಳುವುದಿಲ್ಲ ಎಂಬ ದೂರು ಹಾಗೇ ಉಳಿದಿದೆ. ಯಾಕೆ ಬೀಳುವುದಿಲ್ಲ ಅನ್ನುವುದನ್ನು ಒಂದೇ ಒಂದು ಬೇರಿಂಗ್ ಹಿಡಿದು ನೋಡೋಣ.

ಬೇರಿಂಗ್ ನಂಬರ್ 6308. ಕೊನೆಯ ಎರಡು ಅಂಕಿ ಎಂಟು, ಅದನ್ನು ಐದರಿಂದ ಗುಣಿಸಿದರೆ ನಲವತ್ತು. ಅಂದರೆ 40 ಮಿಲಿಮೀಟರ್ ಶಾಫ್ಟಿಗೆ ಕೂರುವಂಥದ್ದು. ಸೋಮವಾರ ಸಂಜೆ ಕಪಾಟಿನಲ್ಲಿ 6 ಇವೆ, ಸಾಫ್ಟ್‌ವೇರಿನಲ್ಲೂ 6. ಅಂದು ರಾತ್ರಿ ಎರಡು ಗಂಟೆಗೆ ಇಂಜೆಕ್ಷನ್ ಪಂಪಿನ ಮೋಟರ್ ಕೂಗತೊಡಗಿತು ಅಂದುಕೊಳ್ಳಿ. ಫಿಟ್ಟರ್ ಎರಡು ಬೇರಿಂಗ್ ಒಯ್ದ. ಮೋಟರ್ ಬಿಚ್ಚಿ ನೋಡಿದರೆ ಒಂದೇ ಹೋಗಿತ್ತು, ಅದನ್ನು ಹಾಕಿದ. ಇನ್ನೊಂದು ಅವನ ಟೂಲ್ ಬಾಕ್ಸಿನಲ್ಲಿ ಉಳಿಯಿತು. ಸ್ಲಿಪ್ ಬರೆಯಲಿಲ್ಲ. ಮಂಗಳವಾರ ಹೊಸ ಸರಕು 4 ಬಂತು, ಸ್ಟೋರ್‌ಕೀಪರ್ ಜಿಆರ್‌ಎನ್, ಅಂದರೆ ಸರಕು ಬಂದ ರಸೀತಿ, ಹಾಕಿದ. ಈಗ ಕಂಪ್ಯೂಟರಿನಲ್ಲಿ 10, ಕಪಾಟಿನಲ್ಲಿ 8. ಬುಧವಾರ ಎಣಿಸಿ ನೋಡಿ, ಹತ್ತನ್ನು ಅಳಿಸಿ ಎಂಟು ಅಂತ ತಿದ್ದಿದ. ತಾಳೆ ಬಿತ್ತು, ಸಮಾಧಾನವಾಯಿತು. ಗುರುವಾರ ಫಿಟ್ಟರ್ ಬಂದು ಉಳಿದ ಬೇರಿಂಗನ್ನು ಸದ್ದಿಲ್ಲದೆ ಕಪಾಟಿನಲ್ಲಿಟ್ಟು ಹೋದ. ಈಗ ಕಪಾಟಿನಲ್ಲಿ 9, ಕಂಪ್ಯೂಟರಿನಲ್ಲಿ 8.

ಇಲ್ಲಿ ಯಾರೂ ಕದ್ದಿಲ್ಲ. ಸ್ಲಿಪ್ ಬರೆಯದೆ ಬಿಟ್ಟದ್ದೊಂದನ್ನು ಬಿಟ್ಟರೆ ಎಲ್ಲರೂ ಅವರವರ ಕೆಲಸ ಮಾಡಿದ್ದಾರೆ. ಆ ತಪ್ಪು ದೊಡ್ಡದಾಗಿದ್ದು ಬುಧವಾರ, ಅಂಕಿಯನ್ನು ನೇರವಾಗಿ ತಿದ್ದಿದಾಗ.

ಸರಿಯಾದ ದಾರಿ ಹೀಗೆ. ಇಂಜೆಕ್ಷನ್ ಪಂಪಿನ ಮೋಟರ್ ಹೆಸರಿಗೆ ಒಂದು ವರ್ಕ್ ಆರ್ಡರ್, ಅಂದರೆ ಆ ರಿಪೇರಿಯ ದಾಖಲೆ, ತೆರೆಯಬೇಕು. ಅದರ ಮೇಲೆ ಎರಡು ಬೇರಿಂಗ್ ಇಶ್ಯೂ, ಅಂದರೆ ಸ್ಟೋರಿನಿಂದ ಕೊಟ್ಟದ್ದು; ಒಂದು ವಾಪಸ್. ಆಮೇಲೆ ಹೊಸದಾಗಿ ಬಂದ ನಾಲ್ಕರ ರಸೀತಿ. ಆರರಲ್ಲಿ ಎರಡು ಹೋಯಿತು, ನಾಲ್ಕು. ಒಂದು ಬಂತು, ಐದು. ಮತ್ತೆ ನಾಲ್ಕು ಬಂತು, ಒಂಬತ್ತು. ಬ್ಯಾಲೆನ್ಸ್ ಅನ್ನುವುದು ಯಾರೂ ಕೈಯಿಂದ ತುಂಬುವ ಅಂಕಿಯಲ್ಲ, ಬಂದಿದ್ದು ಹೋಗಿದ್ದನ್ನು ಕೂಡಿ ಕಳೆದು ತಾನಾಗಿ ಬರುವ ಅಂಕಿ. ತಪ್ಪು ಎಂಟ್ರಿ ಬಿದ್ದರೆ ಅದನ್ನು ಅಳಿಸಬಾರದು. ಅದಕ್ಕೆ ಎದುರಾಗಿ ಇನ್ನೊಂದು ಎಂಟ್ರಿ ಹಾಕಬೇಕು. ಸ್ಯಾಪ್ ಎಂಬ ಸಾಫ್ಟ್‌ವೇರ್ ಇರುವ ಕಡೆ ಕೆಲಸದವರಿಗೆ ಇದು ಗೊತ್ತು: ಆರ್ಡರ್ ಮೇಲೆ ಇಶ್ಯೂ ಆದರೆ ಎಂಟ್ರಿಯ ಕೋಡ್ 261, ಅದನ್ನು ಹಿಂದಕ್ಕೆ ತಿರುಗಿಸಿದರೆ 262. ಇಆರ್‌ಪಿ ನೆಕ್ಸ್ಟ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲೂ ಸಬ್‌ಮಿಟ್ ಆದ ಸ್ಟಾಕ್ ಎಂಟ್ರಿಯ ಅಂಕಿ ಬದಲಿಸಲಾಗದು. ಕ್ಯಾನ್ಸಲ್ ಮಾಡಿ ಹೊಸದು ಹಾಕಬೇಕು, ಹಳೆಯದು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಎಕ್ಸೆಲ್ ಹಾಳೆಯಲ್ಲಿ ಹಾಗಲ್ಲ. ಎಂಟು ಟೈಪ್ ಮಾಡಿದರೆ ಹತ್ತು ಇತ್ತು ಅನ್ನುವುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಕಂಪನಿಗಳ ಲೆಕ್ಕಪತ್ರದ ಸಾಫ್ಟ್‌ವೇರಿಗಂತೂ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯನ್ನೂ ದಾಖಲಿಸುವ ಎಡಿಟ್ ಲಾಗ್ ಕಡ್ಡಾಯ, ಅದನ್ನು ಆಫ್ ಮಾಡುವಂತೆಯೂ ಇರಬಾರದು. ಸಹಕಾರಿ ಕಾರ್ಖಾನೆಗಳಿಗೆ ಕಂಪನಿ ಕಾನೂನು ಬರುವುದಿಲ್ಲ, ನಿಜ. ಬೇರಿಂಗಿಗೆ ಆ ವ್ಯತ್ಯಾಸ ಗೊತ್ತಿಲ್ಲವಲ್ಲ.

ಒಂದು ಬೇರಿಂಗ್ ಲೆಕ್ಕಕ್ಕೆ ಇಷ್ಟು ತಲೆಬಿಸಿಯೇ ಅಂದರೆ, ನಷ್ಟ ಬೇರಿಂಗಿನ ಬೆಲೆಯಲ್ಲಿ ಇಲ್ಲ. ಬುಧವಾರದ ತಿದ್ದುಪಡಿಯಲ್ಲಿ, ಇಂಜೆಕ್ಷನ್ ಪಂಪಿನ ಮೋಟರ್ ಒಂದು ಬೇರಿಂಗ್ ತಿಂದಿತು ಅನ್ನುವ ಮಾತೇ ಅಳಿದುಹೋಯಿತು. ಇನ್ನೆರಡು ತಿಂಗಳಿಗೆ ಅದೇ ಮೋಟರ್ ಮತ್ತೊಂದು ತಿಂದರೆ ಅದು ಮೊದಲನೆಯದು ಅಂತಲೇ ಎಲ್ಲರೂ ತಿಳಿಯುತ್ತಾರೆ. ಸಾಲಾಗಿ ಎರಡು ಇಶ್ಯೂ ಕಂಡಿದ್ದರೆ, ಮೋಟರನ್ನು ಪಂಪಿಗೆ ಜೋಡಿಸುವ ಕಪ್ಲಿಂಗ್ ಅಲೈನ್‌ಮೆಂಟ್ ತಪ್ಪಿದೆಯೋ, ಗ್ರೀಸ್ ವಿಪರೀತ ತುಂಬಿದ್ದಾರೋ ಅಂತ ಮೆಕ್ಯಾನಿಕಲ್ ಫೋರ್‌ಮನ್ ಹುಡುಕುತ್ತಿದ್ದರು. ಸ್ಟೋರಿನ ಲೆಡ್ಜರ್ ಅಂದರೆ ಯಂತ್ರದ ರೋಗದ ಚೀಟಿಯೂ ಹೌದು.

ಇನ್ನು ಹೆಸರಿನ ಗೊಂದಲ. ಒಬ್ಬ 6308 ಅಂತ ಬರೆಯುತ್ತಾನೆ, ಇನ್ನೊಬ್ಬ ಕಂಪನಿಯ ಹೆಸರು ಸೇರಿಸಿ ಎಸ್‌ಕೆಎಫ್ 6308 ಅಂತ, ಮೂರನೆಯವನು ಪಂಪ್ ಬೇರಿಂಗ್ ದೊಡ್ಡದು ಅಂತ. ಸಾಫ್ಟ್‌ವೇರಿಗೆ ಅವು ಮೂರು ವಸ್ತು. ಒಂದರಲ್ಲಿ ಸೊನ್ನೆ ಕಂಡು ಖರೀದಿಗೆ ಇಂಡೆಂಟ್ ಹೋಗುತ್ತದೆ, ಇನ್ನೊಂದರಲ್ಲಿ ಐದು ಸುಮ್ಮನೆ ಬಿದ್ದಿರುತ್ತವೆ. ಇದರ ಉಲ್ಟಾ ತಪ್ಪೂ ಆಗುತ್ತದೆ. 6308 ಮತ್ತು 6308 ಸಿ3 ಅಳತೆಯಲ್ಲಿ ಒಂದೇ, ಶಾಫ್ಟಿಗೂ ಕೂರುತ್ತದೆ, ಹೌಸಿಂಗಿಗೂ ಕೂರುತ್ತದೆ. ಆದರೆ ಸಿ3ಯಲ್ಲಿ ಒಳಗಿನ ಸಡಿಲ ಹೆಚ್ಚು. ಸಿ3 ಬೇಕೆಂದು ಬರೆದಿರುವ ಮೋಟರಿಗೆ ಸಾದಾ ಬೇರಿಂಗ್ ಹಾಕಿದರೆ, ಕಾದಾಗ ಬಿಗಿಯಾಗಿ ಬೇಗ ಸಾಯುತ್ತದೆ. ಇವೆರಡಕ್ಕೂ ಬೇರೆ ಬೇರೆ ಕೋಡ್ ಇರಲೇಬೇಕು. ಕಂಪನಿಯ ಹೆಸರು ಬೇರೆಯಾದರೆ ಬೇರೆ ಕೋಡ್ ಬೇಡ, ಅದನ್ನು ಅದೇ ಕೋಡಿನ ಕೆಳಗೆ ಪರ್ಯಾಯ ಅಂತ ಬರೆದರೆ ಸಾಕು.

ಅಳತೆಯ ಘಟಕದ ತಪ್ಪಂತೂ ಎಲ್ಲ ಸ್ಟೋರಿನಲ್ಲೂ ಇದ್ದದ್ದೇ. ಗ್ರೀಸ್ 18 ಕಿಲೋ ಬಕೆಟ್‌ನಲ್ಲಿ ಬರುತ್ತದೆ, ಲೆಡ್ಜರಿನಲ್ಲಿ ಕಿಲೋ ಇರುತ್ತದೆ. ಒಂದು ಬಕೆಟ್ ಕೊಟ್ಟವನು 1 ಅಂತ ಒತ್ತಿದರೆ ಹದಿನೇಳು ಕಿಲೋ ಗ್ರೀಸ್ ಕಂಪ್ಯೂಟರಿನಲ್ಲಿ ಮಾತ್ರ ಉಳಿಯುತ್ತದೆ. ಪಂಪಿನ ಸೋರಿಕೆ ತಡೆಯುವ ಹಗ್ಗದಂಥ ಗ್ಲ್ಯಾಂಡ್ ಪ್ಯಾಕಿಂಗ್ ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಕತ್ತರಿಸುವುದು ಮೀಟರ್ ಲೆಕ್ಕದಲ್ಲಿ. ಪ್ರತಿ ಸೈಜಿಗೂ ಒಂದು ಮೀಟರ್ ತೂಗಿ ನೋಡಿ ಆ ಅನುಪಾತವನ್ನು ಒಮ್ಮೆ ತುಂಬಿಟ್ಟರೆ ಮುಗಿಯಿತು. ವಿ ಬೆಲ್ಟ್ ಇನ್ನೊಂದು ಥರ. ನಾಲ್ಕು ಗ್ರೂವಿನ ಪುಲ್ಲಿಯಲ್ಲಿ ಒಂದು ಬೆಲ್ಟ್ ಹರಿದರೂ ನಾಲ್ಕನ್ನೂ ಬದಲಿಸಬೇಕು, ಇಲ್ಲದಿದ್ದರೆ ಹಿಗ್ಗಿದ ಹಳೆಯವು ಸುಮ್ಮನಿದ್ದು ಹೊಸದೊಂದೇ ಭಾರ ಎಳೆಯುತ್ತದೆ. ಸೆಟ್ ಅಂತ 1 ಒತ್ತಿದರೋ, ಬಿಡಿ ನಗ ಅಂತ 4 ಒತ್ತಿದರೋ, ಕಾರ್ಖಾನೆಯಲ್ಲಿ ಒಂದೇ ಪದ್ಧತಿ ಇರಲಿ.

ರಿವೈಂಡಿಂಗ್‌ಗೆ ಹೊರಗೆ ಹೋದ ಮೋಟರನ್ನು ಇಶ್ಯೂ ಅಂತ ಬರೆಯಬೇಡಿ. ಅದು ಖರ್ಚಾಗಿಲ್ಲ, ಜಾಗ ಬದಲಿಸಿದೆ. 'ಹೊರಗಿನ ರಿಪೇರಿ' ಅಂತ ಸಾಫ್ಟ್‌ವೇರಿನಲ್ಲಿ ಒಂದು ಗೋದಾಮು ಮಾಡಿ ಅಲ್ಲಿಗೆ ವರ್ಗಾಯಿಸಿ, ವಾಪಸ್ ಬರುವ ಸಾಮಾನಿನ ಗೇಟ್ ಪಾಸ್ ನಂಬರ್ ಜೊತೆಗಿರಲಿ. ಇಲ್ಲವಾದರೆ ಆ ಮೋಟರನ್ನು ಆರು ತಿಂಗಳ ಮೇಲೆ ಕೇಳುವವರೇ ಇರುವುದಿಲ್ಲ.

ಮಟ್ಟ ಇಳಿದಾಗ ಸಾಫ್ಟ್‌ವೇರ್ ಎಚ್ಚರಿಸುತ್ತದಲ್ಲ, ಅದನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಲೆಕ್ಕ ಸುಲಭ: ತಿಂಗಳ ಬಳಕೆಯನ್ನು ಸರಕು ಬರಲು ಹಿಡಿಯುವ ತಿಂಗಳಿನಿಂದ ಗುಣಿಸಿ, ಆಪತ್ತಿಗೆಂದು ಒಂದಷ್ಟು ಸೇರಿಸುವುದು. ಒಂದು ಬೇರಿಂಗ್ ವರ್ಷಕ್ಕೆ 24 ಹೋಗುತ್ತದೆ ಅನ್ನಿ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಎರಡು. ಸರಕಿಗೆ ಒಂದೂವರೆ ತಿಂಗಳು ಬೇಕು, ಆಪತ್ತಿಗೆ ಎರಡು. ಒಟ್ಟು 5 ಉಳಿದಾಗ ಗಂಟೆ ಬಾರಿಸುತ್ತದೆ. ಆದರೆ ಆ ಇಪ್ಪತ್ತನಾಲ್ಕೂ ಹೋಗುವುದು ಆರು ತಿಂಗಳ ಹಂಗಾಮಿನಲ್ಲಿ, ತಿಂಗಳಿಗೆ ನಾಲ್ಕರಂತೆ. ಆಗ ಬೇಕಾದ ಮಟ್ಟ 8. ಐದಕ್ಕೆ ಕಾದು ಕೂತರೆ ಹೊಸ ಸರಕು ಬರುವ ಮೊದಲೇ ಕಪಾಟು ಖಾಲಿ. ಸಕ್ಕರೆ ಕಾರ್ಖಾನೆಗೆ ವರ್ಷದ ಸರಾಸರಿ ಮೋಸದ ಅಂಕಿ; ಹಂಗಾಮಿಗೇ ಬೇರೆ ಮಟ್ಟ ಇಡಬೇಕು. ಓವರ್‌ಹಾಲಿಂಗ್‌ಗೆ ತೆಗೆದಿರಿಸಿದ್ದನ್ನೂ ಕಳೆದು ನೋಡಿ. ಹತ್ತಿದ್ದು ಏಳು ಕಾಯ್ದಿರಿಸಿದ್ದರೆ ಕೈಯಲ್ಲಿರುವುದು ಮೂರೇ.

ಎಣಿಕೆಯ ಬಗ್ಗೆ ಎರಡು ಮಾತು. ಎಣಿಸುವವನ ಕೈಗೆ ಕಂಪ್ಯೂಟರಿನ ಅಂಕಿ ಕೊಡಬೇಡಿ. ಹತ್ತು ಅಂತ ಕಂಡರೆ ಹತ್ತೇ ಎಣಿಸುತ್ತಾನೆ, ಮನುಷ್ಯನ ಸ್ವಭಾವ. ವ್ಯತ್ಯಾಸ ಬಂದರೆ ಅದನ್ನು ಸ್ಟೋರ್‌ಕೀಪರ್ ಎಂಟ್ರಿ ಮಾಡಲಿ, ಒಪ್ಪಿಗೆ ಇನ್ನೊಬ್ಬರದಿರಲಿ, ಕಾರಣ ಬರೆಯದೆ ಸೇವ್ ಆಗದಂತೆ ಸೆಟ್ಟಿಂಗ್ ಇರಲಿ. 'ಇತರೆ' ಅನ್ನುವ ಕಾರಣವನ್ನು ಪಟ್ಟಿಯಿಂದಲೇ ತೆಗೆದುಬಿಡಿ, ಇಲ್ಲವಾದರೆ ಎಲ್ಲವೂ ಅದೇ ಆಗುತ್ತದೆ.

ರಾತ್ರಿ ಪಾಳಿಗೆ ಕಂಪ್ಯೂಟರ್ ಹಠ ಬೇಡ. ಸ್ಟೋರ್ ಬಾಗಿಲಿಗೆ ನಂಬರ್ ಹಾಕಿದ ಸ್ಲಿಪ್ ಪುಸ್ತಕ, ದಾರ ಕಟ್ಟಿದ ಪೆನ್ನು ಇರಲಿ. ಸ್ಲಿಪ್ಪಿನಲ್ಲಿ ನಾಲ್ಕೇ ಮಾತು: ಯಾವ ಸಾಮಾನು, ಎಷ್ಟು, ಯಾವ ಯಂತ್ರಕ್ಕೆ, ಯಾರು. ಬೆಳಿಗ್ಗೆ ಎಂಟ್ರಿ ಹಾಕುವಾಗ ಸಾಮಾನು ಹೋದ ವೇಳೆ ಬೇರೆ, ಎಂಟ್ರಿಯ ವೇಳೆ ಬೇರೆ ಅಂತ ಎರಡೂ ತುಂಬಿ. ಸ್ಲಿಪ್ ನಂಬರ್ 41ರ ನಂತರ 43 ಬಂದಿದ್ದರೆ, 42 ಎಲ್ಲಿ ಅಂತ ಪಾಳಿಯವರು ಮನೆಗೆ ಹೋಗುವ ಮೊದಲೇ ಕೇಳಿ. ಹೊಸದಾಗಿ ಸಾಫ್ಟ್‌ವೇರ್ ಹಾಕುವವರು ಮೊದಲ ಎಣಿಕೆಯನ್ನು ಹಂಗಾಮಿಗೆ ಬಾಯ್ಲರಿಗೆ ಬೆಂಕಿ ಹಚ್ಚುವ ಅಗ್ನಿ ಪ್ರದೀಪನದ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಂದು ಸ್ಟೋರಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಅದಕ್ಕೂ ಹದಿನೈದು ದಿನ ಮೊದಲು ಬೇರಿಂಗ್ ಕಪಾಟಿನಿಂದ ಶುರು ಮಾಡಿ.