ಇನಾರಿ ಗುಡಿಗಳು ಹಬ್ಬಿದ ಬಗೆ

ಕೇಳುಗರಿಗೆ ನಮಸ್ಕಾರ. ಜಪಾನಿನ ಮೂಲಧರ್ಮವಾದ ಶಿಂತೋದಲ್ಲಿ ಬತ್ತದ ಬೆಳೆ ಕಾಯುವ ದೇವರು ಇನಾರಿ. ಈ ದೇವರಿಗೆ ಸುಮಾರು 30,000 ಗುಡಿಗಳಿವೆ ಎನ್ನುತ್ತಾರೆ. ಅಂಗಡಿಗಳ ಹಿತ್ತಿಲಲ್ಲಿ, ಕಟ್ಟಡಗಳ ತಾರಸಿಯ ಮೇಲೆ ಇರುವ ಪುಟ್ಟ ಗೂಡುಗಳು ಇದರಲ್ಲಿ ಸೇರಿಲ್ಲ.

ಮೂಲಸ್ಥಾನ ಕ್ಯೋಟೋದ ಫುಶಿಮಿ. 711ರಲ್ಲಿ ಹಾತಾ ಮನೆತನದ ಇರೋಗು ಇಲ್ಲಿನ ಬೆಟ್ಟದಲ್ಲಿ ದೇವರನ್ನು ನೆಲೆಗೊಳಿಸಿದ ಎಂಬುದು ಪ್ರತೀತಿ. 1468ರಲ್ಲಿ, ಓನಿನ್ ಯುದ್ಧದ ಕಾಲಕ್ಕೆ, ಗುಡಿ ಸುಟ್ಟುಹೋಯಿತು. ಈಗಿನ ಮುಖ್ಯ ಗುಡಿ 1499ರದು.

ಇದು ಇಷ್ಟು ಹಬ್ಬಿದ್ದು ಹೇಗೆ? 'ಕಂಜೊ' ಎಂಬ ವಿಧಿಯಿಂದ. ದೀಪದಿಂದ ದೀಪ ಹಚ್ಚಿದ ಹಾಗೆ, ದೇವರ ಸಾನ್ನಿಧ್ಯದ ಪಾಲು ಕೊಟ್ಟರೂ ಮೂಲಕ್ಕೆ ಕೊರತೆಯಿಲ್ಲ. ಭಕ್ತರು ಫುಶಿಮಿಯಲ್ಲಿ ಅರ್ಜಿ ಕೊಡುತ್ತಾರೆ. ಅರ್ಚಕರು ಪ್ರಾರ್ಥಿಸಿ ಆ ಪಾಲನ್ನು ಒಪ್ಪಿಸುತ್ತಾರೆ. ಮನೆಯಲ್ಲಿ ಅದನ್ನು ತಲೆಗಿಂತ ಎತ್ತರದಲ್ಲಿ, ಸಾಧ್ಯವಾದರೆ ದಕ್ಷಿಣಕ್ಕೋ ಪೂರ್ವಕ್ಕೋ ಮುಖ ಮಾಡಿ ಇಡಬೇಕು. ನೈವೇದ್ಯಕ್ಕೆ ಅಕ್ಕಿ, ಉಪ್ಪು, ನೀರು, ಸಾಕೆ ಎಂಬ ಅಕ್ಕಿಮದ್ಯ. ಬೆಳೆಯ ದೇವರು ವ್ಯಾಪಾರದ ದೇವರೂ ಆದ ಮೇಲಂತೂ ವರ್ತಕರು ಬಿಡಲಿಲ್ಲ. ಇಂದಿನ ಟೋಕಿಯೊ ಆಗ ಎದೋ. ಆ ಊರಲ್ಲಿ ಎಲ್ಲೆಂದರಲ್ಲಿ ಕಾಣುವುದು ಮೂರೇ, ಇಸೆಯಾ ಹೆಸರಿನ ಅಂಗಡಿ, ಇನಾರಿ ಗುಡಿ, ನಾಯಿಯ ಹೊಲಸು ಎಂಬ ಗಾದೆಯೇ ಹುಟ್ಟಿತು!

ಇನಾರಿ ಹೆಸರಿನದೆಲ್ಲ ಶಿಂತೋ ಗುಡಿಯೂ ಅಲ್ಲ. ತೊಯೊಕಾವಾ ಇನಾರಿ ಜೆನ್ ಬೌದ್ಧ ಮಠ. ಅಲ್ಲಿ ಪೂಜೆಗೊಳ್ಳುವ ಡಾಕಿನಿಯ ಮೂಲ ನಮ್ಮ ಭಾರತವೇ.

ಫುಶಿಮಿ ಬೆಟ್ಟದ ದಾರಿಯುದ್ದಕ್ಕೂ ಸಾಲುಗಟ್ಟಿದ ಕೆಂಪು ತೋರಣದ್ವಾರಗಳು, ಅಂದರೆ 'ತೋರಿ'ಗಳು, ಭಕ್ತರ ಹರಕೆ. ಹತ್ತುವಾಗ ಬರೀ ಕೆಂಪು ಕಂಬ. ಇಳಿಯುವಾಗ ನೋಡಿದರೆ ಕೊಟ್ಟವರ ಹೆಸರು, ತಾರೀಖು. ಹಿಂದೆ ಈ ಕೆಂಪಿಗೆ ಪಾದರಸದ ಅದಿರು ಬಳಸುತ್ತಿದ್ದರು, ಅದು ಮರ ಕೆಡದಂತೆ ಕಾಯುತ್ತದೆ. ಆದರೂ ಮಣ್ಣಿನ ತೇವಕ್ಕೆ ಕಂಬ ಮೊದಲು ಬುಡದಲ್ಲೇ ಕೊಳೆಯುತ್ತದೆ. ಹಳೆಯದನ್ನು ತೆಗೆದು ಹೊಸತು ನಿಲ್ಲಿಸುವ ಕೆಲಸಕ್ಕೆ ಕೊನೆಯೇ ಇಲ್ಲ.

ದೇವರನ್ನು ತಂದಷ್ಟು ಸುಲಭವಲ್ಲ, ಬಿಡುವುದು. ವ್ಯಾಪಾರ ಮುಚ್ಚಿದಾಗ, ವಾರಸುದಾರರಿಲ್ಲದಾಗ ವಿಧಿಪೂರ್ವಕ ದೇವರನ್ನು ಹಿಂದಕ್ಕೆ ಕಳಿಸಿಕೊಟ್ಟ ಮೇಲೆಯೇ ಗೂಡು ಕೆಡವಬೇಕು. ಹಾಗೆ ಮಾಡದೆ ಮುಟ್ಟಲು ಕಟ್ಟಡದವರೂ ಹಿಂಜರಿಯುತ್ತಾರೆ. 1945ರಲ್ಲಿ ಅಮೆರಿಕದ ಪಡೆಗಳು ಹನೆದಾ ವಿಮಾನನಿಲ್ದಾಣ ವಿಸ್ತರಿಸಲು ಅನಾಮೊರಿ ಇನಾರಿ ಗುಡಿಯನ್ನು ಎಬ್ಬಿಸಿದವು. ಅದರ ದೊಡ್ಡ ತೋರಿ ಮಾತ್ರ ಅಲ್ಲೇ ಉಳಿಯಿತು. ಕೈಯಿಟ್ಟರೆ ಶಾಪ ತಟ್ಟುತ್ತದೆ ಎಂಬ ಪುಕಾರು ಬೇರೆ. ಕೊನೆಗೆ 1999ರಲ್ಲಿ ಅದನ್ನು ಕೆಡವದೆ, ಹತ್ತಿರದ ನದೀದಡಕ್ಕೆ ಸ್ಥಳಾಂತರಿಸಿದರು.