ಡಬ್ಬದೊಳಗೆ ಇಲ್ಲದ ಪುಸ್ತಕ

ಬಾನುಲಿ ಕೇಳುಗರಿಗೆ ನಮಸ್ಕಾರ.

ನಾನು ಫೋಟೋಗ್ರಾಫರ್. ಹಾಗಂದ ಕೂಡಲೇ ಜನರಿಗೆ ನಾಗರಹೊಳೆಯ ಹುಲಿ ನೆನಪಾಗುತ್ತದೆ. ನನ್ನದು ಅದಲ್ಲ. ವಿರಾಜಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ, ಪಾಸ್‌ಪೋರ್ಟ್ ಸೈಜು, ಇಷ್ಟೇ. ಆನೆ ಎದುರಿಗೆ ಬಂದರೆ ಕ್ಯಾಮೆರಾ ಬಿಟ್ಟು ಓಡುವವರ ಪೈಕಿ ನಾನು.

ಎರಡು ವರ್ಷದ ಹಿಂದೆ ಸಾಲ ಮಾಡಿ ಒಂದು ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ ಕೊಂಡೆ. ಲೆನ್ಸ್ ಬಿಟ್ಟು ಬರೀ ಕ್ಯಾಮೆರಾಕ್ಕೇ 2 ಲಕ್ಷದ 40 ಸಾವಿರ. ಲೆನ್ಸಿನ ರೇಟು ಹೇಳುವುದಿಲ್ಲ, ಮನೆಯವರೂ ರೇಡಿಯೋ ಕೇಳುತ್ತಿದ್ದಾರೆ. ಡಬ್ಬ ಬಂದ ದಿನ ಊಟದ ಮೇಜಿನ ಮೇಲಿಟ್ಟು ಬಿಚ್ಚಿದೆ. ಕ್ಯಾಮೆರಾ ಇತ್ತು, ಬ್ಯಾಟರಿ ಇತ್ತು, ಒಂದು ಕೇಬಲ್, ಕುತ್ತಿಗೆಗೆ ಹಾಕುವ ಪಟ್ಟಿ, ವಾರಂಟಿ ಕಾರ್ಡು. ಕೆಳಗೆ ಮಡಚಿಟ್ಟ ಒಂದು ಕಾಗದ. ಬಿಚ್ಚುತ್ತಾ ಹೋದರೆ ಅದು ಮೇಜಿನಷ್ಟು ಅಗಲ ಆಯಿತು. ಏನಿದೆ ಅಂತ ನೋಡಿದರೆ ಬರೀ ಎಚ್ಚರಿಕೆ. ಕ್ಯಾಮೆರಾದಲ್ಲಿ ಸೂರ್ಯನನ್ನು ನೋಡಬೇಡಿ, ಬೆಂಕಿಗೆ ಬ್ಯಾಟರಿ ಹಾಕಬೇಡಿ, ಪಟ್ಟಿಯನ್ನು ಮಕ್ಕಳ ಕುತ್ತಿಗೆಗೆ ಸುತ್ತಬೇಡಿ. ಇದೇ ಮಾತು ಹತ್ತಾರು ಭಾಷೆಯಲ್ಲಿ. ಕನ್ನಡ ಇಲ್ಲ ಬಿಡಿ. ಮೂಲೆಯಲ್ಲಿ ಒಂದು ಕಪ್ಪುಬಿಳಿ ಚೌಕ, ಕ್ಯೂಆರ್ ಕೋಡ್. ಉಳಿದದ್ದೆಲ್ಲ ಅಲ್ಲಿದೆ, ಫೋನ್ ಹಿಡಿದು ನೋಡಿಕೊಳ್ಳಿ ಅಂತ.

ನನ್ನ ಹೆಂಡತಿ ಡಬ್ಬ ತಲೆಕೆಳಗು ಮಾಡಿ ಅಲ್ಲಾಡಿಸಿದಳು. "ಪುಸ್ತಕ ಎಲ್ಲಿ ರೀ? ಮಿಕ್ಸಿ ಜೊತೆಗೂ ಒಂದು ಪುಸ್ತಕ ಬಂದಿತ್ತಲ್ಲ, ಚಟ್ನಿ ಮಾಡುವುದು ಹೇಗೆ ಅಂತೆಲ್ಲ ಹಾಕಿ" ಅಂದಳು. ಹೌದಲ್ವಾ? ಮೂರು ಸಾವಿರದ ಮಿಕ್ಸಿಗೆ ಇರುವ ಮರ್ಯಾದೆ ಇದಕ್ಕಿಲ್ಲ.

ನಾನು ಕೆಲಸ ಕಲಿತದ್ದು 1991ರಲ್ಲಿ, ಮಡಿಕೇರಿಯ ಒಂದು ಸ್ಟುಡಿಯೋದಲ್ಲಿ. ಅದರ ಯಜಮಾನರನ್ನು ನಾವು ಹುಡುಗರೆಲ್ಲ ಅಣ್ಣ ಅನ್ನುತ್ತಿದ್ದೆವು. ಅಣ್ಣನ ಹತ್ತಿರ ಇದ್ದದ್ದು ಪೆಂಟಾಕ್ಸ್ ಕೆ-1000. ಕಬ್ಬಿಣದ ತುಂಡಿನ ಹಾಗೆ ಭಾರ. ಬ್ಯಾಟರಿ ಇಲ್ಲದೆಯೂ ಫೋಟೋ ತೆಗೆಯುತ್ತಿತ್ತು. ಒಳಗೆ ಬೆಳಕು ಅಳೆಯುವ ಮೀಟರಿಗೆ ಮಾತ್ರ ಒಂದು ಗುಂಡಿಯಂಥ ಸೆಲ್ಲು, ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವಂಥದ್ದು. ಆ ಮೀಟರಿಗೆ ಆನ್, ಆಫ್ ಸ್ವಿಚ್ಚೇ ಇಲ್ಲ. ಹಾಗಾದರೆ ಅದನ್ನು ಆಫ್ ಮಾಡುವುದು ಹೇಗೆ? ಲೆನ್ಸಿಗೆ ಮುಚ್ಚಳ ಹಾಕಬೇಕು. ಒಳಗೆ ಕತ್ತಲಾದರೆ ಸೆಲ್ಲು ಉಳಿಯುತ್ತದೆ. ಕ್ಯಾಮೆರಾವನ್ನು ಎಷ್ಟು ತಿರುಗಿಸಿ ನೋಡಿದರೂ ಇದು ಹೊಳೆಯುವ ವಿಷಯ ಅಲ್ಲ. ಅಣ್ಣನ ಪುಸ್ತಕದ ಆ ಪುಟದಲ್ಲಿ ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದಿತ್ತು: ಮುಚ್ಚಳ ಹಾಕು ಕತ್ತೆ. ಕತ್ತೆ ಅಂದದ್ದು ಯಾರಿಗೆ ಅಂತ ಕೇಳುವ ಧೈರ್ಯ ನಮಗಿರಲಿಲ್ಲ.

ಪುಸ್ತಕ ಇತ್ತು ಅಂದ ಮಾತ್ರಕ್ಕೆ ನಾವು ಓದುತ್ತಿದ್ದೆವು ಅಂತಲ್ಲ. ನಾನಂತೂ ಓದಿರಲಿಲ್ಲ. ಸೇರಿ ಆರು ತಿಂಗಳಿಗೆ ಅಣ್ಣ ಒಂದು ಮದುವೆಗೆ ನನ್ನೊಬ್ಬನನ್ನೇ ಕಳಿಸಿದರು. ಎರಡು ರೋಲು ತೆಗೆದೆ. ಮೈಸೂರಿನ ಲ್ಯಾಬಿಗೆ ಹೋಗಿ ಪ್ರಿಂಟ್ ಬಂತು. ನೋಡಿದರೆ ಒಂದಷ್ಟು ಫೋಟೋದಲ್ಲಿ ಮದುಮಗಳು ಕಳಕಳ ಅಂತಿದ್ದಾಳೆ, ಪಕ್ಕದಲ್ಲಿ ಮದುಮಗ ಇರಬೇಕಾದ ಕಡೆ ಗೋಡೆ ಕಟ್ಟಿದ ಹಾಗೆ ಕಪ್ಪು.

ಆ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹಾಕಿದರೆ ಶಟರ್ 60ಕ್ಕಿಂತ ಮೇಲೆ ಹೋಗಬಾರದು, ಅಂದರೆ ಸೆಕೆಂಡಿನ 60ನೇ ಒಂದು ಭಾಗ. ನಾನು 125ಕ್ಕೆ ಇಟ್ಟಿದ್ದೆ. ಶಟರ್ ಅಂದರೆ ಫಿಲ್ಮಿನ ಮುಂದೆ ಇರುವ ಬಟ್ಟೆಯ ಎರಡು ಪರದೆ. ಒಂದು ಸರಿದು ದಾರಿ ಬಿಡುತ್ತದೆ, ಇನ್ನೊಂದು ಹಿಂದೆಯೇ ಬಂದು ಮುಚ್ಚುತ್ತದೆ. 60ರಲ್ಲಿ ಒಂದು ಗಳಿಗೆ ಪೂರ್ತಿ ಕಿಟಕಿ ತೆರೆದಿರುತ್ತದೆ. 125ರಲ್ಲಿ ಮೊದಲನೆಯ ಪರದೆ ಪೂರ್ತಿ ಸರಿಯುವ ಮೊದಲೇ ಎರಡನೆಯದು ಹೊರಟುಬಿಟ್ಟಿರುತ್ತದೆ. ಫ್ಲ್ಯಾಶ್ ಮಿಂಚುವಾಗ ಫಿಲ್ಮಿನ ಅರ್ಧಕ್ಕೆ ಪರದೆ ಅಡ್ಡ. ಮದುಮಗ ಆ ಅರ್ಧದಲ್ಲಿದ್ದ.

ಅಣ್ಣ ಬೈಯಲಿಲ್ಲ. ಪುಸ್ತಕ ಕೈಗೆ ಕೊಟ್ಟು, "ಇವತ್ತು ಅಂಗಡಿಯಲ್ಲಿ ಬೇರೆ ಕೆಲಸ ಇಲ್ಲ ನಿಂಗೆ. ಮೊದಲಿನಿಂದ ಓದು" ಅಂದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಸಂಜೆವರೆಗೆ ಕೂತು ಓದಿದೆ. ಫ್ಲ್ಯಾಶಿನ ಪುಟ ಹುಡುಕುವಾಗ ಬೇರೆ ಹತ್ತು ಪುಟ ಕಣ್ಣಿಗೆ ಬಿದ್ದವು. ನಾನು ಕೇಳದೇ ಇದ್ದ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಇತ್ತು.

ಆ ಕಾಲದ ಫೋಟೋಗ್ರಫಿ ಪುಸ್ತಕಗಳಲ್ಲಿ ಹಿಮದ ವಿಷಯ ತಪ್ಪದೆ ಬರುತ್ತಿತ್ತು. ಹಿಮದ ಫೋಟೋ ತೆಗೆಯುವಾಗ ಮೀಟರ್ ಹೇಳಿದ್ದಕ್ಕಿಂತ ಒಂದೆರಡು ಸ್ಟಾಪ್, ಅಂದರೆ ಬೆಳಕಿನ ಅಳತೆಯಲ್ಲಿ ಒಂದೆರಡು ಮೆಟ್ಟಿಲು, ಜಾಸ್ತಿ ಬೆಳಕು ಕೊಡಿ ಅಂತ. ಕೊಡಗಿನಲ್ಲಿ ಎಲ್ಲಿಯ ಹಿಮ? ನಾನು ನಕ್ಕೆ. ಅಣ್ಣ ಹೇಳಿದರು, "ಹಿಮ ಅಂದ್ರೆ ನಮ್ಮ ಕಾಫಿ ಹೂ ಅಂತ ಓದಿಕೋ."

ಆಗ ತಲೆಗೆ ಹೋಯಿತು. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದು 8-10 ದಿನಕ್ಕೆ ತೋಟ ಪೂರ್ತಿ ಬಿಳಿ ಆಗುತ್ತದಲ್ಲ, ಆ ಫೋಟೋ ತೆಗೆದವರಿಗೆಲ್ಲ ಗೊತ್ತು. ಕಣ್ಣಿಗೆ ಮಲ್ಲಿಗೆಯ ಹಾಗೆ ಕಂಡದ್ದು ಪ್ರಿಂಟಿನಲ್ಲಿ ಬೂದಿ ಬಳಿದ ಹಾಗಿರುತ್ತದೆ. ಮೀಟರಿಗೆ ಬಿಳಿ, ಕಪ್ಪು ಅಂತ ಬುದ್ಧಿ ಇಲ್ಲ. ಎದುರಿಗೆ ಇರುವುದೆಲ್ಲ ನಡುವಿನ ಬೂದು ಬಣ್ಣ ಅಂತಲೇ ಅದು ನಂಬಿರುತ್ತದೆ. ಬಿಳಿ ಕಂಡರೆ ಬೆಳಕು ಕಡಿಮೆ ಮಾಡುತ್ತದೆ, ಕಪ್ಪು ಕಂಡರೆ ಜಾಸ್ತಿ ಮಾಡುತ್ತದೆ. ಕೊಡವರ ಮದುವೆಯಲ್ಲಿ ಇದೇ ಕಷ್ಟ ಬೇರೆ ರೀತಿ ಬರುತ್ತದೆ. ಮದುಮಗ ಬಿಳಿ ಕುಪ್ಯ, ಅಂದರೆ ಕೊಡವರ ಉದ್ದನೆಯ ಅಂಗಿ, ಹಾಕಿರುತ್ತಾನೆ, ಸುತ್ತ ನಿಂತ ನೆಂಟರು ಕಪ್ಪು ಕುಪ್ಯ. ಮದುಮಗನ ಹತ್ತಿರ ಹೋದರೆ ಮುಖ ಕಪ್ಪಿಡುತ್ತದೆ, ನೆಂಟರ ಗುಂಪು ತೆಗೆದರೆ ಮುಖಗಳು ಸುಣ್ಣ ಬಳಿದ ಹಾಗಾಗುತ್ತವೆ. ಇದನ್ನು ಯಾವ ಜಪಾನಿ ಕಂಪನಿಯೂ ಬರೆದಿಲ್ಲ. ಆದರೆ ಹಿಮದ ಆ ಎರಡು ಸಾಲು ಓದಿದವನಿಗೆ ಕುಪ್ಯದ ಲೆಕ್ಕವೂ ಸಿಗುತ್ತದೆ.

ಇನ್ನೊಂದು ಪುಟ ಇರುತ್ತಿತ್ತು, ಕೊನೆಯಲ್ಲಿ. ಕ್ಯಾಮೆರಾ ಜೋಪಾನ ಮಾಡುವುದು ಹೇಗೆ ಅಂತ. ನಮ್ಮ ಮಳೆಗೆ ಅದು ಬಹಳ ಮುಖ್ಯವಾದ ಪುಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬೆಲ್ಟಿಗೆ ಬೂಷ್ಟು ಬರುತ್ತದೆ, ಚಪ್ಪಲಿಗೆ ಬರುತ್ತದೆ, ಲೆನ್ಸಿಗೆ ಬರದೇ ಇರುತ್ತದಾ? ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಹರಡುತ್ತದೆ. ಬಿಟ್ಟರೆ ಗಾಜಿನ ಮೇಲಿನ ಲೇಪನವನ್ನೇ ತಿಂದುಹಾಕುತ್ತದೆ. ಒಣ ಜಾಗದಲ್ಲಿ ಇಡಿ, ಸಿಲಿಕಾ ಜೆಲ್ ಹಾಕಿ, ನುಸಿ ಗುಳಿಗೆ, ಕರ್ಪೂರ ಇರುವ ಬೀರುವಿನಲ್ಲಿ ಮಾತ್ರ ಇಡಬೇಡಿ ಅಂತ ಮ್ಯಾನುವಲ್‌ಗಳು ಹೇಳುತ್ತಿದ್ದವು. ನಮ್ಮವರು ಮಾಡುವುದು ಸರಿಯಾಗಿ ಅದನ್ನೇ. ಬೆಲೆಬಾಳುವ ವಸ್ತು ಅಂತ ರೇಷ್ಮೆ ಸೀರೆಯ ನಡುವೆ ಇಡುತ್ತಾರೆ, ನುಸಿ ಗುಳಿಗೆ ಸಮೇತ. ಮಳೆ ಮುಗಿದ ಮೇಲೆ ಸ್ಟುಡಿಯೋಕ್ಕೆ ತಂದು, "ಎಂತ ಆಯ್ತು ನೋಡಿ, ಎಲ್ಲ ಮಂಜು ಮಂಜು ಕಾಣ್ತದೆ" ಅಂತಾರೆ. ನಾನು ಈಗ ಒಂದು ಡ್ರೈ ಕ್ಯಾಬಿನೆಟ್, ಅಂದರೆ ಒಳಗೆ ತೇವ ಬಾರದಂಥ ಪೆಟ್ಟಿಗೆ, ಇಟ್ಟಿದ್ದೇನೆ. ಅದಕ್ಕೂ ಮೊದಲು ಬೀರುವಿನೊಳಗೆ 40 ವ್ಯಾಟಿನ ಬಲ್ಬು ಉರಿಸಿಡುತ್ತಿದ್ದೆ. ಕರೆಂಟು ಇದ್ದಾಗ, ಅನ್ನಿ.

ಈಗ ಹೊಸ ಕ್ಯಾಮೆರಾದ ಕಥೆಗೆ ಬರುತ್ತೇನೆ. ಹೋದ ವರ್ಷ ಮೇ ತಿಂಗಳು, ನಾಪೋಕ್ಲು ಕಡೆ ಒಂದು ಮದುವೆ. ಹಿಂದಿನ ಸಂಜೆ ಗುಡುಗು ಮಳೆ ಹೊಡೆದು ಕರೆಂಟು ಹೋಗಿತ್ತು. ಮದುವೆ ಹಾಲ್‌ನಲ್ಲಿ ಜನರೇಟರ್ ಇತ್ತು, ಟವರಿಗೆ ಇರಲಿಲ್ಲ ಅಂತ ಕಾಣುತ್ತದೆ, ಯಾರ ಫೋನಿಗೂ ರೇಂಜ್ ಇಲ್ಲ. ಇನ್ನೇನು ಮದುಮಗಳು ಬರಬೇಕು, ನನ್ನ ಫ್ಲ್ಯಾಶ್ ಹೊಡೆಯುವುದಿಲ್ಲ. ಬ್ಯಾಟರಿ ಬದಲಾಯಿಸಿದೆ. ಫ್ಲ್ಯಾಶ್ ಕೂರುವ ಜಾಗವನ್ನು ಅಂಗಿಯ ತುದಿಯಿಂದ ಉಜ್ಜಿದೆ. ಇನ್ನೊಂದು ಫ್ಲ್ಯಾಶ್ ಹಾಕಿದೆ. ಊಹೂಂ. ಮೆನುವಿನಲ್ಲಿ ಫ್ಲ್ಯಾಶ್ ಅಂತ ಇರುವ ಸಾಲುಗಳೆಲ್ಲ ಮಸುಕಾಗಿವೆ, ಒತ್ತಿದರೆ ಒಪ್ಪುವುದಿಲ್ಲ. ಯಾಕೆ ಅಂತ ಹೇಳುವುದೂ ಇಲ್ಲ. ಫ್ಲ್ಯಾಶ್ ಇಲ್ಲದೇ ತೆಗೆದರೆ ಫೋಟೋದ ತುಂಬ ಅಡ್ಡಡ್ಡ ಪಟ್ಟೆ, ಹುಲಿಯ ಮೈಯ ಹಾಗೆ. ಅಂತೂ ನನಗೂ ಹುಲಿ ಸಿಕ್ಕಿತು.

ಮದುಮಗಳ ಮಾವ ಬಂದು, "ಎಂತ ಮಾರಾಯ್ರೆ, ಲೈಟೇ ಬರ್ತಾ ಇಲ್ವಲ್ಲ" ಅಂದರು. ಜೊತೆಯಲ್ಲಿದ್ದ ಹುಡುಗನ ಕೈಗೆ ಹಳೆಯ ಕ್ಯಾಮೆರಾ ಕೊಟ್ಟು ನಾನು ಹೊರಗೆ ಓಡಿದೆ. ಕೊಡಗಿನವರಿಗೆ ಗೊತ್ತಿರುತ್ತದೆ, ಪ್ರತಿ ಊರಿನಲ್ಲೂ ರೇಂಜ್ ಸಿಗುವ ಒಂದು ತಿರುವು ಇರುತ್ತದೆ. ಇಲ್ಲಿ ಬಸ್ ತಂಗುದಾಣದ ಹಿಂದೆ, ದಿಬ್ಬದ ಮೇಲೆ. ಸೂಟುಬೂಟು ಹಾಕಿದ ಇನ್ನಿಬ್ಬರು ನೆಂಟರು ಮೊದಲೇ ಅಲ್ಲಿ ಫೋನ್ ಎತ್ತಿ ಹಿಡಿದು ನಿಂತಿದ್ದರು. ನಾನೂ ಹಿಡಿದೆ. ಕಂಪನಿಯ ಪುಟ ತೆರೆಯಲು ಹೋದರೆ ಚಕ್ರ ತಿರುಗುತ್ತಲೇ ಇದೆ. ಕೊನೆಗೆ ಮೈಸೂರಿನ ಗೆಳೆಯನಿಗೆ ಫೋನು ಹಚ್ಚಿದೆ. ಅವನು ಪೂರ್ತಿ ಕೇಳಲೂ ಇಲ್ಲ. "ಸೈಲೆಂಟ್ ಮೋಡ್ ಆನ್ ಇದೆಯಾ ನೋಡು" ಅಂದ.

ಇತ್ತು. ಹಿಂದಿನ ವಾರ ಚರ್ಚಿನಲ್ಲಿ ಒಂದು ಮದುವೆ ಇತ್ತು. ಪ್ರಾರ್ಥನೆಯ ಹೊತ್ತಿಗೆ ಟಕ್ ಟಕ್ ಸದ್ದು ಬೇಡ ಅಂತ ನಮ್ಮ ಹುಡುಗ ಅದನ್ನು ಹಾಕಿದ್ದ, ತೆಗೆಯಲು ಮರೆತಿದ್ದ. ಸೈಲೆಂಟ್ ಇದ್ದಾಗ ಶಟರಿನ ಪರದೆ ಸರಿಯುವುದೇ ಇಲ್ಲ, ಫಿಲ್ಮಿನ ಜಾಗದಲ್ಲಿ ಈಗ ಇರುವ ಸೆನ್ಸರ್ ಸಾಲು ಸಾಲಾಗಿ ಚಿತ್ರವನ್ನು ಓದುತ್ತದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಆಗ ಫ್ಲ್ಯಾಶ್ ಕೆಲಸ ಮಾಡುವುದಿಲ್ಲ. ಎಲ್‌ಇಡಿ ದೀಪಗಳಲ್ಲಿ ಎಷ್ಟೋ ದೀಪಗಳು ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಸಾಲು ಸಾಲಾಗಿ ಓದುವ ಸೆನ್ಸರಿಗೆ ಕಾಣುತ್ತದೆ. ಒಂದಷ್ಟು ಸಾಲು ಬೆಳಕಿನಲ್ಲಿ, ಮುಂದಿನ ಒಂದಷ್ಟು ಮಬ್ಬಿನಲ್ಲಿ. ಅದೇ ಪಟ್ಟೆ. ಕೂತು ಯೋಚಿಸಿದರೆ ಇದು 1991ರ ಆ ಕಪ್ಪು ಗೋಡೆಯ ಮೊಮ್ಮಗ. ಪೂರ್ತಿ ಚಿತ್ರ ಒಂದೇ ಗಳಿಗೆಯಲ್ಲಿ ಸಿಗುವುದಿಲ್ಲ ಅನ್ನುವ ಅದೇ ತೊಂದರೆ.

ಮನೆಗೆ ಬಂದು ಪಿಡಿಎಫ್ ಇಳಿಸಿಕೊಂಡೆ. ವಿಷಯ ಅಲ್ಲಿ ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಇದ್ದದ್ದು ಸೈಲೆಂಟ್ ಮೋಡಿನ ಪುಟದಲ್ಲಿ. ನಾನು ಹುಡುಕುತ್ತಿದ್ದದ್ದು ಫ್ಲ್ಯಾಶ್. ಫ್ಲ್ಯಾಶ್ ಅಂತ ಬರೆದು ಹುಡುಕಿದರೆ ಆ ಪದ ನೂರಾರು ಕಡೆ ಬರುತ್ತದೆ. ಹುಡುಕುವ ಪೆಟ್ಟಿಗೆ ಬಹಳ ಚುರುಕು, ಆದರೆ ರೋಗದ ಹೆಸರು ನಾವೇ ಹೇಳಬೇಕು. ಹೆಸರು ಗೊತ್ತಿದ್ದರೆ ಮದ್ದು ನಮಗೂ ಗೊತ್ತಿರುತ್ತಿತ್ತು, ಅಲ್ವಾ?

ಕಂಪನಿಗಳ ಮಾತಿನಲ್ಲೂ ಸತ್ಯ ಇದೆ. ಕೆ-1000 1976ರಿಂದ 1997ರವರೆಗೆ ತಯಾರಾಯಿತು, ಹೆಚ್ಚು ಕಡಿಮೆ ಹಾಗೇ. ಒಮ್ಮೆ ಅಚ್ಚು ಹಾಕಿದ ಪುಸ್ತಕ 21 ವರ್ಷ ಸುಳ್ಳಾಗಲಿಲ್ಲ. ಈಗ ಹಾಗಲ್ಲ. ನಿಕಾನ್ ಝಡ್ 9 ಅನ್ನುವ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 2021ರ ಕೊನೆಗೆ. 2022ರ ಏಪ್ರಿಲ್‌ನಲ್ಲೇ ಹೊಸ ಫರ್ಮ್‌ವೇರ್, ಅಂದರೆ ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್, ಬಂದು ಹತ್ತಾರು ಹೊಸ ಸೌಲಭ್ಯ ಸೇರಿದವು. ಅದೂ ಬಿಟ್ಟಿ. ಅಚ್ಚು ಹಾಕಿದ ಪುಸ್ತಕ ಆರು ತಿಂಗಳಿಗೇ ಹಳತು. ನೂರಾರು ಪುಟ, ಹತ್ತಾರು ಭಾಷೆ, ಹಡಗಿನ ಬಾಡಿಗೆ, ಕಾಗದದ ಖರ್ಚು. ಎಲ್ಲ ಒಪ್ಪೋಣ. ಆದರೆ 2 ಲಕ್ಷದ 40 ಸಾವಿರ ಕೊಟ್ಟವನು, ನನಗೆ ಪುಸ್ತಕ ಬೇಕು, ಇನ್ನೂ ಒಂದು ಸಾವಿರ ತಗೊಳ್ಳಿ ಅಂದರೂ ಅಂಗಡಿಯವರು ಕೊಡಲಿಲ್ಲ. "ಈಗ ಯಾರು ಸರ್ ಓದ್ತಾರೆ" ಅಂದರು.

ಓದುವವನು ಝೆರಾಕ್ಸ್ ಅಂಗಡಿಗೆ ಹೋದ. 800 ಚಿಲ್ಲರೆ ಪುಟ. ಎರಡೂ ಬದಿ ಪ್ರಿಂಟ್ ಹಾಕಿ, ಮೂರು ಭಾಗ ಮಾಡಿ, ಸ್ಪೈರಲ್ ಬೈಂಡಿಂಗ್. 1,100 ರೂಪಾಯಿ ಆಯಿತು. ಅಂಗಡಿಯ ಹುಡುಗ ನನ್ನ ನರೆತ ತಲೆ ನೋಡಿ, "ಸರ್, ಯಾವ ಎಕ್ಸಾಮು, ಕೆಎಎಸ್ಸಾ?" ಅಂದ. ಹೌದಪ್ಪ ಅಂದೆ.

ಮಳೆಗಾಲದಲ್ಲಿ ಆ ಕಾಗದವೂ ಮೆತ್ತಗಾಗುತ್ತದೆ, ಹಪ್ಪಳದ ಹಾಗೆ. ಅದಕ್ಕೂ ಈಗ ಡ್ರೈ ಕ್ಯಾಬಿನೆಟ್‌ನಲ್ಲೇ ಜಾಗ ಕೊಟ್ಟಿದ್ದೇನೆ, ಲೆನ್ಸುಗಳ ಪಕ್ಕ. ಮೊದಮೊದಲು ನಮ್ಮ ಹುಡುಗ ನಗುತ್ತಿದ್ದ. ಗಿರಾಕಿಗಳಿಲ್ಲದ ಮಧ್ಯಾಹ್ನ ಸುಮ್ನೆ ತಿರುವಿಹಾಕಲು ಶುರು ಮಾಡಿದ. ಮೊನ್ನೆ ಸೈಲೆಂಟ್ ಮೋಡಿನ ಪುಟ ತೆಗೆದರೆ ಅಲ್ಲಿ ಬಾಲ್ ಪೆನ್ನಿನಲ್ಲಿ ಏನೋ ಗೀಚಿದೆ: ಚರ್ಚಿಂದ ಬಂದ ಮೇಲೆ ಆಫ್ ಮಾಡು ಕತ್ತೆ. ಅಕ್ಷರ ನನ್ನದಲ್ಲ.

ಇವತ್ತು ನಿಮಗೆ ಓದಿ ಹೇಳಲು ಬೇಕಾಗಬಹುದು ಅಂತ ಅದರ ಎರಡನೇ ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದೆ. ನಾಳೆ ಗೋಣಿಕೊಪ್ಪದಲ್ಲಿ ಒಂದು ನಿಶ್ಚಿತಾರ್ಥ ಇದೆ, ಪುಸ್ತಕ ಸಂಜೆಯೊಳಗೆ ವಾಪಸ್ ಬೇಕು ಅಂತ ಹುಡುಗ ಹೇಳಿ ಕಳಿಸಿದ್ದಾನೆ. ಹೊರಗೆ ಮಳೆ ಬೇರೆ ಹಿಡಿದ ಹಾಗಿದೆ. ಹೊರಡುತ್ತೇನೆ, ನಮಸ್ಕಾರ.