ಹೊಳೆ ಮಾಯವಾಗುವ ಕಣಿವೆಗಳಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಮನೆಯ ಅಡುಗೆಕೋಣೆಯಲ್ಲೋ, ಓದಿದ ಶಾಲೆಯ ಜಗಲಿಯಲ್ಲೋ ಶಹಾಬಾದ್ ಕಲ್ಲು ಹಾಸಿದ್ದನ್ನು ನೀವು ನೋಡಿಯೇ ಇರುತ್ತೀರಿ. ಕಲಬುರಗಿ ಕಡೆಯಿಂದ ಬರುವ ಆ ಬೂದು ಚಪ್ಪಡಿ ಸುಣ್ಣದ ಕಲ್ಲು. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದ್ದೂ ಇದೇ ಕಲ್ಲಿನಿಂದ. ಕುಮಟಾ ತಾಲ್ಲೂಕಿನ ಯಾಣದಲ್ಲಿ ಕಾಡಿನ ನಡುವೆ ಕರ್ರಗೆ ಎದ್ದು ನಿಂತಿದೆಯಲ್ಲ ಭೈರವೇಶ್ವರ ಶಿಖರ, ಅದೂ ಸುಣ್ಣದ ಕಲ್ಲೇ. ಈ ಕಲ್ಲು ನಮಗೆ ಹೊಸದಲ್ಲ. ಆದರೆ ಊರು, ಹೊಲ, ಹೊಳೆ, ಗೋಡೆ ಎಲ್ಲವೂ ಇದೇ ಕಲ್ಲಿನ ಮೇಲೆ ಕೂತಿರುವ ಒಂದು ಸೀಮೆಯಿದೆ. ಇಂಗ್ಲೆಂಡಿನ ನಡುಭಾಗದಲ್ಲಿ, ಹೆಚ್ಚಾಗಿ ಡರ್ಬಿಶೈರ್ ಮತ್ತು ಸ್ಟ್ಯಾಫರ್ಡ್‌ಶೈರ್ ಜಿಲ್ಲೆಗಳಲ್ಲಿ. ಅದರ ಹೆಸರು ವೈಟ್ ಪೀಕ್. ಇವತ್ತು ಅಲ್ಲಿ ನಡೆದಾಡುವ ಸುಖದ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ.

ಪೀಕ್ ಅಂತ ಹೆಸರಿದೆ ಎಂದು ಚೂಪಾದ ಶಿಖರಗಳನ್ನು ಹುಡುಕಬೇಡಿ. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿ ಹರಡಿಕೊಂಡಿರುವ ಹಸಿರು ಪ್ರಸ್ಥಭೂಮಿ ಅದು. ಮೇಲೆ ನಡೆಯುವಾಗ ಕಣ್ಣಿಗೆ ಬೀಳುವುದು ಹುಲ್ಲುಗಾವಲು, ಕುರಿ, ಹಾಲಿನ ಹಸು, ಮತ್ತೆ ಬಿಳಿ ಗೋಡೆಗಳು. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ. ದಿಣ್ಣೆ ಹತ್ತಿ ಇಳಿದು ಎಲ್ಲೆಲ್ಲೂ ಅದೇ. ಹೀಗೇ ಹೋಗ್ತಾ ಇರುವಾಗ ಕಾಲ ಕೆಳಗೇ ನೆಲ ಸೀಳಿಕೊಂಡಂತೆ ಒಂದು ಕಣಿವೆ ಬಾಯಿ ತೆರೆಯುತ್ತದೆ. ಹತ್ತು ಹೆಜ್ಜೆ ಹಿಂದೆ ನಿಂತಿದ್ದರೆ ಅದು ಅಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಇಳಿದರೆ ಬೇರೆಯದೇ ಲೋಕ. ಬಂಡೆ, ಕಾಡು, ಹೂವು, ಹೊಳೆ. ಕಣಿವೆಗೆ ಅಲ್ಲಿನವರು ಡೇಲ್ ಅನ್ನುತ್ತಾರೆ. ಡವ್‌ಡೇಲ್, ಲ್ಯಾತ್‌ಕಿಲ್ ಡೇಲ್, ಮಾನ್ಸಲ್ ಡೇಲ್, ಹೀಗೆ.

ಬರೀ ಕಣಿವೆ ನೋಡಿಕೊಂಡು ಬಂದವರು ವೈಟ್ ಪೀಕನ್ನು ಅರ್ಧ ಮಾತ್ರ ನೋಡಿದ ಹಾಗೆ ಅಂತ ನನ್ನ ಅಭಿಪ್ರಾಯ. ಮೇಲೂ ನಡೆಯಬೇಕು, ಕೆಳಗೂ ನಡೆಯಬೇಕು. ಯಾಕೆಂದರೆ ಈ ಸೀಮೆಯ ಕಥೆಯೆಲ್ಲ ನೀರಿನದು. ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಯಿತು ಅಂತ ಕೇಳುತ್ತಾ ನಡೆದರೆ ಆ ನೆಲ ತಾನಾಗಿಯೇ ಅರ್ಥವಾಗುತ್ತಾ ಹೋಗುತ್ತದೆ.

ಮಳೆ ಅಲ್ಲಿ ಕಡಿಮೆಯೇನಿಲ್ಲ. ಆದರೂ ಪ್ರಸ್ಥಭೂಮಿಯ ಮೇಲೆ ಗಂಟೆಗಟ್ಟಲೆ ನಡೆದರೂ ಒಂದು ತೊರೆ ಅಡ್ಡ ಬರುವುದಿಲ್ಲ. ಮಳೆಹನಿ ಗಾಳಿಯಲ್ಲಿ, ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣದ ಕಲ್ಲಿನ ಬಿರುಕಿಗೆ ಇಳಿದು ಕಲ್ಲನ್ನೇ ಕರಗಿಸುತ್ತದೆ. ಸಾವಿರಾರು ವರ್ಷ ಹೀಗೆ ನಡೆದರೆ ಬಿರುಕು ಕೊಳವೆಯಾಗುತ್ತದೆ, ಕೊಳವೆ ಗವಿಯಾಗುತ್ತದೆ. ನೀರೆಲ್ಲ ನೆಲದೊಳಗೇ ಹರಿಯುತ್ತದೆ. ಹಾಗೆ ಕರಗಿದ ಸುಣ್ಣ ಕಣಿವೆಯಲ್ಲಿ ನೀರು ಮತ್ತೆ ಹೊರಗೆ ಬಂದಾಗ ಪಾಚಿಯ ಮೇಲೆ ಪದರ ಪದರವಾಗಿ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳೆ ಕಟ್ಟುತ್ತದಲ್ಲ, ಅದೇ ಇದು. ಲ್ಯಾತ್‌ಕಿಲ್ ಕಣಿವೆಯಲ್ಲಿ ಹಾಗೆ ಕಲ್ಲಾದ ಪಾಚಿಯನ್ನು ಕಣ್ಣಾರೆ ನೋಡಬಹುದು.

ಹಾಗಾದರೆ ಮೇಲಿನ ಊರಿನವರು ನೀರಿಗೆ ಏನು ಮಾಡುತ್ತಿದ್ದರು? ಜೇಡಿಮಣ್ಣು ಸಿಕ್ಕ ಕಡೆ ನೀರು ನಿಲ್ಲುತ್ತದೆ, ಅಲ್ಲೇ ಊರು ಕಟ್ಟಿದರು. ಮಾನಿಯಾಶ್ ಅಂತ ಒಂದು ಹಳ್ಳಿ. ಹಿಂದೆ ಅಲ್ಲಿ ಇಂಥ ಹಲವು ಕೊಳಗಳಿದ್ದವು, ಈಗ ಫಿಯರ್ ಮಿಯರ್ ಅನ್ನುವ ಕೊಳ ಉಳಿದಿದೆ. ಹೊಲಗಳ ನಡುವೆ ದನಕರುಗಳಿಗಾಗಿ ಗುಂಡಗೆ ತಗ್ಗು ತೋಡಿ, ತಳಕ್ಕೆ ಜೇಡಿಮಣ್ಣು ಮೆತ್ತಿ, ಮಳೆನೀರು ಹಿಡಿದರು. ಹಳೆಯ ಆ ಹೊಂಡಗಳಲ್ಲಿ ಈಗ ನ್ಯೂಟ್ ಅನ್ನುವ ಹಲ್ಲಿಯಾಕಾರದ ಉಭಯವಾಸಿಗಳು ಸಂಸಾರ ಹೂಡಿವೆ.

ನೀರು ಇಷ್ಟು ಕಷ್ಟದಿಂದ ಸಿಕ್ಕಿದರೆ ಜನ ಅದಕ್ಕೆ ಕೈಮುಗಿಯದೆ ಇರುತ್ತಾರೆಯೇ? ಟಿಸಿಂಗ್ಟನ್ ಅನ್ನುವ ಹಳ್ಳಿಯಲ್ಲಿ ಪ್ರತಿವರ್ಷ, ಈಸ್ಟರ್ ಕಳೆದು ಆರನೇ ವಾರದಲ್ಲಿ, ಊರಿನ ಬಾವಿಗಳಿಗೆ ಹೂವಿನ ಅಲಂಕಾರ ಮಾಡುತ್ತಾರೆ. ನಮ್ಮಲ್ಲಿ ಗಂಗೆಪೂಜೆ ನೋಡಿದವರಿಗೆ ಇದರ ಭಾವ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಮಾಡುವ ರೀತಿ ಮಾತ್ರ ವಿಶೇಷ. ದೊಡ್ಡ ಮರದ ಹಲಗೆಗಳನ್ನು ಮೊದಲು ನೀರಿನಲ್ಲಿ ನೆನೆಹಾಕುತ್ತಾರೆ. ಉಪ್ಪು ಬೆರೆಸಿದ ಜೇಡಿಮಣ್ಣನ್ನು ಅದರ ಮೇಲೆ ಮೆತ್ತುತ್ತಾರೆ. ಕಾಗದದಲ್ಲಿ ಬರೆದ ಚಿತ್ರವನ್ನು ಮಣ್ಣಿನ ಮೇಲಿಟ್ಟು, ಗೆರೆಯುದ್ದಕ್ಕೂ ಚುಚ್ಚಿ ಗುರುತು ಮಾಡುತ್ತಾರೆ. ಆ ಗುರುತಿನ ಮೇಲೆ ಸಣ್ಣ ಕಾಯಿ, ಬೀಜ, ಕಾಫಿಬೀಜ ಕೂಡ ಒತ್ತುವುದುಂಟು. ಒಳಗೆಲ್ಲ ಹೂವಿನ ಎಸಳು. ಕೆಳಗಿನಿಂದ ಶುರುಮಾಡಿ ಒಂದು ಎಸಳಿನ ಮೇಲೆ ಇನ್ನೊಂದರ ಅಂಚು ಬರುವಂತೆ ಒತ್ತುತ್ತಾ ಮೇಲಕ್ಕೆ ಹೋಗುತ್ತಾರೆ, ಮಳೆ ಬಂದರೆ ನೀರು ಜಾರಿಹೋಗಲಿ ಅಂತ. ಪ್ಲಾಸ್ಟಿಕ್, ಬಣ್ಣ ಯಾವುದೂ ಇಲ್ಲ. ಹಗಲು ರಾತ್ರಿ ಕೂತು ಮಾಡಿದ್ದು ಒಂದು ವಾರ ಬಾಳಿದರೆ ಹೆಚ್ಚು. 14ನೇ ಶತಮಾನದ ಪ್ಲೇಗಿನಲ್ಲಿ ಈ ಬಾವಿಗಳ ಶುದ್ಧ ನೀರೇ ಊರನ್ನು ಉಳಿಸಿತು ಅನ್ನುವುದು ಟಿಸಿಂಗ್ಟನ್‌ನವರ ನಂಬಿಕೆ. ಈಗ ಬೇಸಿಗೆಯುದ್ದಕ್ಕೂ ಸುತ್ತಲಿನ ಹತ್ತಾರು ಊರುಗಳಲ್ಲಿ ಸರದಿಯಂತೆ ಈ ಹಬ್ಬ ನಡೆಯುತ್ತದೆ.

ಇನ್ನು ಕಣಿವೆಗೆ ಇಳಿಯೋಣ. ಮ್ಯಾನಿಫೋಲ್ಡ್ ಹೊಳೆಯ ಕಣಿವೆ ನನಗೆ ತುಂಬ ಇಷ್ಟ. ಮಳೆಗಾಲದಲ್ಲಿ ಅದು ಮಾಮೂಲಿ ಹೊಳೆಯೇ. ಬೇಸಿಗೆ ಒಣಗಿತೆಂದರೆ ವೆಟನ್ ಮಿಲ್ ಅನ್ನುವ ಜಾಗದ ಹತ್ತಿರ ನೀರು ನೆಲದೊಳಗೆ ಇಳಿದುಬಿಡುತ್ತದೆ. ಅಲ್ಲಿಂದ ಮುಂದೆ ಬರೀ ಹೊಳೆಪಾತ್ರ. ಉರುಟು ಕಲ್ಲು, ಅಗಲ ಎಲೆಯ ಗಿಡಗಳು, ಹನಿ ನೀರಿಲ್ಲ. ಸೇತುವೆ ಇದೆ, ದಡ ಇದೆ, ಹೊಳೆ ಇಲ್ಲ! ಹೀಗೆ ಕೆಲವು ಕಿಲೋಮೀಟರ್ ನಡೆದು ಐಲಮ್ ಹಳ್ಳಿಯ ತೋಟಕ್ಕೆ ಬಂದರೆ, ಬಂಡೆಯ ಬುಡದಿಂದ ನೀರು ಕುದಿಯುವಂತೆ ಉಕ್ಕಿ ಬರುತ್ತಿರುತ್ತದೆ. ಮಾಯವಾದ ಹೊಳೆ ಅಲ್ಲಿ ಮತ್ತೆ ಸಿಗುತ್ತದೆ.

ಈ ಕಣಿವೆಯಲ್ಲಿ ನಾವು ನಡೆಯುವ ದಾರಿ ಒಂದು ಕಾಲದ ರೈಲುಹಳಿ. ಇದರ ಕಥೆ ಕೇಳಿ, ನಮ್ಮ ಕಡೆಗೂ ಅದರ ನಂಟಿದೆ. ಎವರಾರ್ಡ್ ಕಾಲ್‌ತ್ರಾಪ್ ಅಂತ ಒಬ್ಬ ಎಂಜಿನಿಯರ್. ಭಾರತದಲ್ಲಿ ರೈಲ್ವೆ ಕೆಲಸ ಮಾಡಿದವನು. ಎರಡೂವರೆ ಅಡಿ ಅಗಲದ ಸಣ್ಣ ಹಳಿಯ ಮೇಲೆ ಅಗ್ಗವಾಗಿ, ಆದರೆ ಗಟ್ಟಿಯಾಗಿ ರೈಲು ಓಡಿಸಬಹುದು ಅಂತ ನಂಬಿ, ಮಹಾರಾಷ್ಟ್ರದ ಬಾರ್ಸಿ ಊರಿನಲ್ಲಿ ಬಾರ್ಸಿ ಲೈಟ್ ರೈಲ್ವೆ ಕಟ್ಟಿ 1897ರಲ್ಲಿ ಓಡಿಸಿ ತೋರಿಸಿದ. ಆ ಹಳಿ ಮುಂದೆ ಪಂಢರಪುರಕ್ಕೆ ಹೋಯಿತು, 1927ರಲ್ಲಿ ಮಿರಜ್ ತಲುಪಿತು. ಬೆಳಗಾವಿ, ಧಾರವಾಡ ಕಡೆಯ ವಿಠ್ಠಲನ ಭಕ್ತರು ಮಿರಜ್‌ನಲ್ಲಿ ಇಳಿದು ಹತ್ತುತ್ತಿದ್ದ ಪುಟ್ಟ ರೈಲು ಇದೇ. ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಯಾರಿಗಾದರೂ ನೆನಪಿದ್ದೀತು. ಬಾರ್ಸಿಯಲ್ಲಿ ಗೆದ್ದ ಅದೇ ಕಾಲ್‌ತ್ರಾಪ್ ಮ್ಯಾನಿಫೋಲ್ಡ್ ಕಣಿವೆಯ ರೈಲಿನ ಎಂಜಿನಿಯರ್ ಆದ. ಅಲ್ಲೂ ಅದೇ ಎರಡೂವರೆ ಅಡಿ ಹಳಿ. ಇಂಜಿನ್ನುಗಳ ಮುಖದಲ್ಲಿ ಭಾರತದ ರೈಲಿನ ಹಾಗೆ ದೊಡ್ಡ ದೀಪ. 1904ರಲ್ಲಿ ಶುರುವಾದ ರೈಲು ಹಾಲಿನ ಕ್ಯಾನು, ಪ್ರವಾಸಿಗರು ಅಂತ ಹೇಗೋ ನಡೆಯಿತು. ಹಾಲಿನ ವ್ಯಾಪಾರ ಕೈತಪ್ಪಿತು, 1934ರಲ್ಲಿ ನಿಂತೇಹೋಯಿತು. ಹಳಿ ಕಿತ್ತ ಜಾಗವನ್ನು ಕಾಲುದಾರಿ ಮಾಡಿ 1937ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಈಗ ಅದು ಮ್ಯಾನಿಫೋಲ್ಡ್ ವೇ. ಏರಿಳಿತ ಇಲ್ಲ, ಡಾಂಬರು ಹಾಕಿದೆ. ಮೊಣಕಾಲು ನೋವಿರುವ ಹಿರಿಯರೂ, ಗಾಲಿಕುರ್ಚಿಯವರೂ ಹೋಗಬಹುದು. ಪಂಢರಪುರದ ರೈಲು ಮತ್ತು ಈ ಸ್ಟ್ಯಾಫರ್ಡ್‌ಶೈರ್ ಕಣಿವೆಯ ರೈಲು ಒಬ್ಬನದೇ ಕೈಕೆಲಸ ಅನ್ನುವುದು ಎಷ್ಟು ಸಲ ನೆನೆದರೂ ನನಗೆ ಖುಷಿ ಕೊಡುತ್ತದೆ.

ಅದೇ ದಾರಿಯಲ್ಲಿ ಥಾರ್‌ನ ಗುಹೆ ಇದೆ. ಕಣಿವೆಯ ಮೇಲೆ ಎತ್ತರದಲ್ಲಿ, ಹತ್ತು ಮೀಟರ್ ಎತ್ತರದ ಬಾಯಿ. ಹತ್ತುವ ಮೆಟ್ಟಿಲು ಕಡಿದು. ಗುಹೆಯ ಬಾಯಿಯ ಕಲ್ಲು ಕಾಲು ತಾಗಿ ತಾಗಿ ನುಣುಪಾಗಿದೆ. ಒದ್ದೆ ಇದ್ದಾಗ ದಯವಿಟ್ಟು ಜಾಗ್ರತೆ.

ಲ್ಯಾತ್‌ಕಿಲ್ ಡೇಲ್‌ನ ಹೊಳೆಯೂ ಬೇಸಿಗೆಯಲ್ಲಿ ಬತ್ತುತ್ತದೆ. ಆದರೆ ಅಲ್ಲಿ ಪ್ರಕೃತಿಯ ಜೊತೆಗೆ ಮನುಷ್ಯನ ಕೈಯೂ ಇದೆ. ಈ ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಸೀಸದ ಅದಿರು ಇತ್ತು. ರೋಮನರ ಕಾಲದಿಂದ ಅಗೆದರು. ಗಣಿ ಆಳಕ್ಕೆ ಹೋದಂತೆ ನೀರು ತುಂಬಿಕೊಂಡಿತು. ನೀರು ಹೊರಹಾಕಲು ಕಣಿವೆಯ ಕಡೆಯಿಂದ ಬೆಟ್ಟದೊಳಕ್ಕೆ ಸುರಂಗ ಕೊರೆದರು. ಗಣಿಗಳು ಯಾವಾಗಲೋ ಮುಚ್ಚಿದವು, ಸುರಂಗಗಳು ಮಾತ್ರ ಇವತ್ತಿಗೂ ನೆಲದಡಿಯ ನೀರನ್ನು ಸೆಳೆಯುತ್ತಲೇ ಇವೆ. ಹೊಳೆಯ ತಳದ ನೀರೂ ಸೋರಿಹೋಗುತ್ತದೆ. ಇನ್ನೂರು ವರ್ಷದ ಹಿಂದೆ ಯಾರದೋ ಲಾಭಕ್ಕೆ ಕೊರೆದ ತೂತಿನಿಂದ ಇವತ್ತು ಮೀನು ಸಾಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಆ ಕಣಿವೆಯಲ್ಲಿ ಬೇಟ್‌ಮನ್ ಹೌಸ್ ಅಂತ ಒಂದು ಪಾಳುಮನೆ ಇದೆ. ಗಣಿಯ ಬಾವಿಯ ಮೇಲೇ ಕಟ್ಟಿದ ಮನೆ. ಕಬ್ಬಿಣದ ಏಣಿ ಇಳಿದು, ಅಲ್ಲಿರುವ ಹಿಡಿಕೆ ತಿರುಗಿಸಿದರೆ ದೀಪ ಹೊತ್ತಿಕೊಂಡು ಆಳ ಕಾಣಿಸುತ್ತದೆ. ಮಕ್ಕಳು ಬಿಟ್ಟುಬರುವುದೇ ಇಲ್ಲ.

ಕೆಳಗಿನ ಭಾಗದಲ್ಲಿ, ಓವರ್ ಹ್ಯಾಡನ್ ಊರಿನ ಕೆಳಗೆ, ನೀರು ಇರುವ ಕಡೆ ಸುಮ್ನೆ ಹತ್ತು ನಿಮಿಷ ನಿಲ್ಲಿ. ಅಷ್ಟು ತಿಳಿಯಾದ ಹೊಳೆ ಅಪರೂಪ. ಟ್ರೌಟ್ ಮೀನಿನ ಮೈಮೇಲಿನ ಚುಕ್ಕೆ ದಡದಿಂದಲೇ ಕಾಣುತ್ತದೆ. ಕಂದು ಮೈ, ಬಿಳಿ ಎದೆಯ ಒಂದು ದುಂಡು ಹಕ್ಕಿ ಕಲ್ಲಿನ ಮೇಲೆ ನಿಂತು ಬಸ್ಕಿ ಹೊಡೆಯುತ್ತಿರುತ್ತದೆ. ಅದು ಡಿಪ್ಪರ್. ನೋಡುನೋಡುತ್ತಲೇ ನೀರಿಗೆ ಇಳಿದು, ಹೊಳೆಯ ತಳದಲ್ಲಿ ನಡೆದಾಡಿ, ಹುಳ ಹಿಡಿದುಕೊಂಡು ಮೇಲೆ ಬರುತ್ತದೆ. ಜೂನ್ ಹೊತ್ತಿಗೆ ಮೇಲಿನ ಭಾಗದಲ್ಲಿ ಜೇಕಬ್ಸ್ ಲ್ಯಾಡರ್ ಅನ್ನುವ ನೀಲಿ ಹೂವು ಅರಳುತ್ತದೆ. ಇಂಗ್ಲೆಂಡಿನಲ್ಲಿ ಅದು ತಾನಾಗಿ ಬೆಳೆಯುವ ಜಾಗಗಳು ಬೆರಳೆಣಿಕೆಯಷ್ಟು.

ಡವ್‌ಡೇಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಳೆಗೆ ಅಡ್ಡಲಾಗಿ ಇಟ್ಟ ಮೆಟ್ಟುಗಲ್ಲುಗಳ ಫೋಟೋ ಎಲ್ಲರೂ ನೋಡಿರುತ್ತಾರೆ. ಚೆಂದದ ಜಾಗವೇ. ಆದರೆ ರಜಾದಿನ ಆ ಕಲ್ಲು ದಾಟಲು ಸಾಲು ನಿಲ್ಲಬೇಕು. ವಾರದ ನಡುವೆ, ಬೆಳಗ್ಗೆಯೇ ಹೋಗಿ.

ಇಲ್ಲಿ ನಡೆಯುವಾಗ ನನಗೆ ಅಚ್ಚರಿ ಅನ್ನಿಸಿದ್ದು ಇನ್ನೊಂದು. ದಾರಿ ಬೇರೆಯವರ ಹೊಲದ ನಡುವೆಯೇ ಹೋಗುತ್ತದೆ. ಯಾರೂ ಬೈಯುವುದಿಲ್ಲ, ಯಾಕೆಂದರೆ ಆ ದಾರಿ ಕಾನೂನಿನಲ್ಲಿ ಜನರದು. ರೈತ ಅದನ್ನು ಮುಚ್ಚುವಂತಿಲ್ಲ. ಗೋಡೆ ಬಂದ ಕಡೆ ತಡಬೆ ಇರುತ್ತದೆ. ಎರಡು ಕಲ್ಲು ನೆಟ್ಟು ನಡುವೆ ಸಣ್ಣ ಸಂದು. ಮನುಷ್ಯ ಅಡ್ಡ ತಿರುಗಿ ನುಸುಳಬಹುದು, ಕುರಿ ದಾಟಲಾರದು. ಮಲೆನಾಡಿನ ಉಣುಗೋಲು ದಾಟಿ ಬೆಳೆದವರಿಗೆ ಅದು ತಕ್ಷಣ ಆಪ್ತವಾಗುತ್ತದೆ. ಆ ತಡಬೆಯ ಕಲ್ಲನ್ನೇ ಒಮ್ಮೆ ಹತ್ತಿರದಿಂದ ನೋಡಿ. ಪುಟ್ಟ ಪುಟ್ಟ ಬಳೆಗಳನ್ನು ಜೋಡಿಸಿದಂಥ ತುಣುಕುಗಳು ಕಾಣುತ್ತವೆ. ಅವು ಸಮುದ್ರ ಲಿಲಿಗಳ ದಂಟು. ಹೆಸರು ಲಿಲಿ, ಆದರೆ ಗಿಡವಲ್ಲ, ನಕ್ಷತ್ರಮೀನಿನ ಬಳಗದ ಪ್ರಾಣಿ. ಸುಮಾರು 33 ಕೋಟಿ ವರ್ಷದ ಹಿಂದೆ ಈ ನೆಲ ಭೂಮಧ್ಯರೇಖೆಯ ಹತ್ತಿರ, ಬೆಚ್ಚಗಿನ ಆಳವಿಲ್ಲದ ಕಡಲಿನಡಿ ಇತ್ತು.

ಈ ನಡೆಯುವ ಹಕ್ಕು ಸುಲಭವಾಗಿ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ಇದೇ ಸೀಮೆಯ ಉತ್ತರಕ್ಕಿರುವ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಕಾರ್ಮಿಕ ಯುವಕ ಯುವತಿಯರು ನಿಷೇಧ ಮುರಿದು ನಡೆದುಹೋದರು. ಜಮೀನುದಾರರು ಬೇಟೆಗೆಂದು ಮುಚ್ಚಿಟ್ಟುಕೊಂಡಿದ್ದ ಬೆಟ್ಟ ಅದು. ಬೆನ್ನಿ ರಾತ್‌ಮನ್ ಅನ್ನುವ ಇಪ್ಪತ್ತರ ಹುಡುಗ ಮುಂದಾಳು. ಐದು ಜನ ಜೈಲಿಗೆ ಹೋದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು, 1951ರಲ್ಲಿ ಕಿಂಡರ್ ಸ್ಕೌಟ್, ವೈಟ್ ಪೀಕ್ ಎರಡೂ ಸೇರಿರುವ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ಅವರು ಜೈಲು ಕಂಡದ್ದಕ್ಕೆ ಇವತ್ತು ನಮ್ಮಂಥ ಹೊರಗಿನವರೂ ಅಂಜದೆ ನಡೆಯುತ್ತೇವೆ, ಅಲ್ವಾ? ಹಾಗಾಗಿ ಹೊಲದ ಗೇಟು ಮುಚ್ಚಿಕೊಂಡು ಹೋಗುವುದು, ಕಸ ಬಿಸಾಡದಿರುವುದು ನಮ್ಮ ಋಣ.

ಒಂದು ಬೇಸರದ ಸುದ್ದಿಯನ್ನೂ ಹೇಳಬೇಕು. ಈ ಕಣಿವೆಗಳ ಇಳಿಜಾರಿನ ಕಾಡೆಲ್ಲ ಹೆಚ್ಚಾಗಿ ಆ್ಯಶ್ ಮರಗಳದು. ಅವಕ್ಕೆ ಒಂದು ಶಿಲೀಂಧ್ರ ರೋಗ ಬಂದಿದೆ. ತುದಿಯಿಂದ ಒಣಗುತ್ತಾ ಬಂದು ಮರವೇ ಸಾಯುತ್ತದೆ. ಒಣಮರ ದಾರಿಗೆ ಬೀಳುವ ಭಯಕ್ಕೆ ಕೆಲವೊಮ್ಮೆ ಕಾಲುದಾರಿ ಮುಚ್ಚುತ್ತಾರೆ. ಲಿಂಡೆನ್, ವಿಚ್ ಎಲ್ಮ್ ಮುಂತಾದ ಬೇರೆ ಸಸಿಗಳನ್ನು ನೆಟ್ಟು ಕಾಡು ಉಳಿಸುವ ಕೆಲಸ ನಡೆದಿದೆ. ಇಪ್ಪತ್ತು ವರ್ಷ ಬಿಟ್ಟು ಹೋದವರಿಗೆ ಕಾಣುವ ಕಣಿವೆ ಬೇರೆಯದೇ ಇರುತ್ತದೆ.

ಮಕ್ಕಳನ್ನು ನೋಡಲು ಮ್ಯಾಂಚೆಸ್ಟರ್, ಶೆಫೀಲ್ಡ್, ಡರ್ಬಿ ಕಡೆ ಹೋಗುವವರು ನಮ್ಮಲ್ಲಿ ಈಗ ಬಹಳ ಜನ. ಅಲ್ಲಿಂದ ಇದು ದೂರವೇನಲ್ಲ. ಮ್ಯಾಂಚೆಸ್ಟರ್‌ನಿಂದ ಬಕ್ಸ್‌ಟನ್‌ಗೆ, ಡರ್ಬಿಯಿಂದ ಮ್ಯಾಟ್‌ಲಾಕ್‌ಗೆ ರೈಲಿದೆ. ಮುಂದೆ ಬಸ್ಸು. ಹೂವು ಬೇಕಾದರೆ ಮೇ ಕೊನೆ, ಜೂನ್. ಹೊಳೆ ಮಾಯವಾಗುವುದನ್ನು ನೋಡಬೇಕಾದರೆ ಜುಲೈ, ಆಗಸ್ಟ್. ಆರ್ಡನೆನ್ಸ್ ಸರ್ವೆಯವರ ವೈಟ್ ಪೀಕ್ ನಕ್ಷೆ ಒಂದು ಕೈಯಲ್ಲಿರಲಿ, ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಒದ್ದೆ ಸುಣ್ಣದ ಕಲ್ಲು ಬಹಳ ಜಾರುತ್ತದೆ, ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿಕೊಳ್ಳಿ. ಬುತ್ತಿಯ ಜೊತೆ ಕುಡಿಯುವ ನೀರನ್ನು ಮನೆಯಿಂದಲೇ ತುಂಬಿಕೊಂಡು ಹೊರಡಿ, ಮೇಲಿನ ಬಯಲಿನಲ್ಲಿ ಅದು ಸಿಗುವುದಿಲ್ಲ. ನಮಸ್ಕಾರ.